ಶೇಷ ಎರಡು

ಗುರುವಾರ, ರಾತ್ರಿ ಹನ್ನೊಂದೂವರೆ. ತಾಂಪೆರೆ.
ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ,
ಆಟ ಮುಗಿದಿದೆ. ಬೂಟು ಏರಿಸಿ ಎಲ್ಲರೂ ಹೊರಟುಹೋದರು.
ಇಪ್ಪತ್ತು ಮುಖದ ದಾಳವೊಂದು ಮೇಜಿನ ಮೇಲೆ
ಇನ್ನೂ ಏಳನ್ನೇ ತೋರಿಸುತ್ತ ಕೂತಿದೆ.

ನನ್ನ ಪಾಲಿಗೆ ಪೆನ್ಸಿಲು, ಗೀಟು ಹಾಕಿದ ಪುಸ್ತಕ.
ಸೇತುವೆ ಕಾಯುವ ದೈತ್ಯನ ಬೆಲೆ, ನಿಯಮದ ಪ್ರಕಾರ,
ಸಾವಿರದ ಮುನ್ನೂರ ನಲವತ್ತೆರಡು ಅಂಕ.
ಅನುಭವದ ಅಂಕವಂತೆ, ಹೆಸರು ನೋಡಿ!
ಅರವತ್ತೊಂದಾದರೂ ನನಗೇ ಸಾಲದ ಸರಕನ್ನು
ಸೌಟಿನಲ್ಲಿ ಅಳೆದು ಬಡಿಸಬೇಕು ನಾನು.

ಕೊನೆಯ ಏಟು ಇಲ್ಪೊನದು.
ಮೆಟ್ಟಿಲೇರುತ್ತ ಹೇಳಿಯೇ ಹೋದ:
'ಕೊಂದವನಿಗೆ ಅರ್ಧ. ಅದು ನ್ಯಾಯ.'

ಸೈಮಿಯ ಬಿಲ್ಲುಗಾರ್ತಿ ಸೇತುವೆಯ ಮೇಲೇ ಸತ್ತಳು,
ಉಳಿದವರು ದಾಟಲೆಂದು ಅಡ್ಡ ನಿಂತು.
ಸತ್ತವರಿಗೆಂಥ ಅನುಭವ ಎನ್ನುತ್ತದೆ ನಿಯಮ, ಸಣ್ಣಕ್ಷರದಲ್ಲಿ.
ಸೈಮಿ ಏನೂ ಕೇಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ
ಕೋಟಿನ ಜೇಬಿಗಿಟ್ಟುಕೊಂಡಳು, ಬಿಲ್ಲಿನ ಹಾಗೆ.

ತಾರ್ಮೊ ನಕ್ಷೆ ಬರೆದ. 'ಎರಡೇ ಪಂಜು ಉಳಿದಿವೆ'
ಎಂದು ಮೂರು ಸಲ ಹೇಳಿದ. ಯಾರೂ ಕಿವಿಗೊಡಲಿಲ್ಲ.
ಎರಡೇ ಉಳಿದಿದ್ದವು.

ಹೆಲ್ಕಾ ಬರಲಿಲ್ಲ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಹೋದ ವರ್ಷ ಬಾರದವರಿಗೆ ಸೊನ್ನೆ ಬರೆಯುತ್ತಿದ್ದೆ ನಾನು,
ಬಲು ಕಟ್ಟುನಿಟ್ಟು. ಎರಡು ಮೆಟ್ಟಿಲು ಹಿಂದೆ ಬಿದ್ದ ಹೆಲ್ಕಾ
ಪ್ರತಿ ಯುದ್ಧದಲ್ಲೂ ಬಾಗಿಲ ಹಿಂದೆ ದೀಪ ಹಿಡಿದಳು.
ಕಡೆಗೊಂದು ದಿನ 'ನಾನು ಕಾಫಿ ಮಾಡುತ್ತೇನೆ' ಎಂದು ಎದ್ದವಳು
ಮತ್ತೆ ದಾಳ ಮುಟ್ಟಲಿಲ್ಲ ಆ ಸಂಜೆ.
ಒಂದೇ ಸಾಲು, ಒಂದೇ ಎಲೆ, ತುಪ್ಪ ಮಾತ್ರ ಆ ತುದಿಗೆ.
ಪಂಕ್ತಿಭೇದ ಮಾಡಿದವನು ನಾನೇ,
ಕಾಫಿಯನ್ನೂ ಕುಡಿದೆ.

ಅಮ್ಮ ಹತ್ತಿ ಗಿರಣಿಯಲ್ಲಿ ಗಜದ ಲೆಕ್ಕಕ್ಕೆ ನೇಯ್ದವಳು.
ಪಕ್ಕದ ಮಗ್ಗದವಳ ಹರಿದೆಳೆಗೆ ಗಂಟು ಹಾಕಿಕೊಟ್ಟ ಹೊತ್ತಿಗೆ
ಗಜವಿಲ್ಲ. ಆ ವಾರ ಲಕೋಟೆ ತೆಳ್ಳಗೆ.
ಅದನ್ನವಳು ತಪ್ಪೆನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ,
ಗುರುವಾರದ ಬಟಾಣಿ ಸೂಪಿಗೆ
ಇನ್ನೊಂದು ಚೊಂಬು ನೀರು ಹೊಯ್ದಳು.

ಇನ್ನು ಔಲಿಸ್.
ನಾಲ್ಕು ವಾರ ಬಾಯಿ ಬಿಡದ ಹುಡುಗ. ಬಿಟ್ಟರೆ
ಮೊದಲಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.
ಇಂದು, ಎಲ್ಲರೂ ಆಯುಧ ಹಿರಿದ ಹೊತ್ತಿನಲ್ಲಿ,
ದೈತ್ಯನನ್ನೇ ನೋಡಿ, ಅಂದರೆ ನನ್ನನ್ನೇ ನೋಡಿ, ಕೇಳಿದ:
'ನಿ... ನಿ... ನಿನಗೂ ಚಳಿಯಾಗುತ್ತಿದೆಯಾ?'

ಅದಕ್ಕೆ ಯಾವ ಪುಟದಲ್ಲೂ ಉತ್ತರವಿಲ್ಲ.
ದೈತ್ಯ ಗದೆ ಕೆಳಗಿಳಿಸಿದ. ಬಾಯಿ ತೆರೆದ.
ಇಲ್ಪೊನ ಕೊಡಲಿ ಬಿದ್ದದ್ದು ಆಗಲೇ.

ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ.
ಸತ್ತವಳನ್ನು ಸೇರಿಸಿ ನಾಲ್ಕೆಂದರೆ, ಎರಡು.
ಬಾರದವಳನ್ನೂ ಸೇರಿಸಿ ಐದೆಂದರೆ, ಆಗಲೂ ಎರಡೇ.
ಬರೆದೆ, ಅಳಿಸಿದೆ, ಕಾಗದ ತೂತಾಗುವಷ್ಟು ಉಜ್ಜಿದೆ.
ಪಕ್ಕದ ಕೋಣೆಯಲ್ಲಿ ಯಾರದೋ ಹೊದಿಕೆ
ಯಂತ್ರದೊಳಗೆ ಗಿರಗಿರ ತಿರುಗಿ ನಿಂತಿತು.

ಐದೂ ಹೆಸರಿನ ಮುಂದೆ ಇನ್ನೂರ ಅರವತ್ತೆಂಟು.
ಉಳಿದೆರಡು ಔಲಿಸನಿಗೆ.
ಎರಡರಿಂದ ಏನೂ ಆಗುವುದಿಲ್ಲ, ಗೊತ್ತು,
ಒಂದು ಮೆಟ್ಟಿಲಿಗೆ ಸಾವಿರಗಟ್ಟಲೆ ಬೇಕು.

ಮುಂದಿನ ಗುರುವಾರ ಇಲ್ಪೊ ಪುಸ್ತಕ ತಿರುಗಿಸಿ ನೋಡಿ
ಕೇಳಿಯೇ ಕೇಳುತ್ತಾನೆ, 'ಇವನಿಗೇಕೆ ಎರಡು ಹೆಚ್ಚು?'
ಯಾವ ನಿಯಮ ತೋರಿಸಲಿ?
ಹೌದು, ನನಗೆ ಚಳಿಯಾಗಿತ್ತು
ಎನ್ನುತ್ತೇನೆ.