ಚೋಡಣದ ಮೇಣ

ನಡೆದು ಬಂದವರಿಗೆ ಫೆರಿ ಪುಕ್ಕಟೆ.
ಹಾಗಾಗಿ ಚೋಡಣವನ್ನೇ ಆರಿಸಿಕೊಂಡೆವು.

ಸೆಲ್ವಿನಾ ಚಾಪೆಲ್ಲಿನಿಂದ ಬೇಡಿ ತಂದ ಮೊಂಡು ಮೇಣದಬತ್ತಿ,
ಪ್ರಜ್ಯೋತನ ಅಜ್ಜಿಯ ಹಾಲಿನ ಪಾತ್ರೆ,
ಒಂದು ಸ್ಟವ್ವು.
ಇಳಿತದ ಕೆಸರಲ್ಲಿ ಏಡಿಬಿಲಗಳಿಗೆ
ಯಾರದೋ ಹರಕೆ ಕರಗಿಸಿ ಹೊಯ್ದೆವು.

ಆರಿದ ಮೇಲೆ ಅಗೆದರೆ
ಕೈಗೆ ಬಂತು ಕತ್ತಲೆಯ ಅಚ್ಚು:
ಬಾಗಿದ ಮೊಣಕೈಯಂತೆ, ಗೇಣುದ್ದ.
ನಲವತ್ತರಲ್ಲಿ ಮೂವತ್ತೊಂಬತ್ತು
ನನ್ನ ಊಹೆಗೆ ತಲೆಯಾಡಿಸಿದವು.

ಒಂದು ಮಾತ್ರ ಕವಲೊಡೆದು
ಪಕ್ಕದ ಬಿಲಕ್ಕೆ ಹೋಗಿತ್ತು.
"ಮೇಣ ಸೋರಿರಬೇಕು, ಬಿಡು" ಅಂದೆ.

ಸೆಲ್ವಿನಾ ಬಿಡಲಿಲ್ಲ.
ಅಂಗಿಯ ತುದಿಯಲ್ಲಿ ಕೆಸರೊರೆಸಿ
ಮೂಸಿದಳು, ಅಳೆದಳು, ಬರೆದುಕೊಂಡಳು.

ಮರುದಿನ ನಾನು ಜೆಟ್ಟಿಗೆ ಬರುವಷ್ಟರಲ್ಲಿ
ಫೆರಿ ನಡುನೀರಲ್ಲಿತ್ತು.
ಕಟಕಟೆಗೊರಗಿ ಅವಳು,
ಕಾಲ ಬಳಿ ಚೀಲ
ಬತ್ತಿಗಳಿಂದ ಉಬ್ಬಿ.