ಸ್ವೆಟರ್ ಹಾಕಿ ನೋಡಿದ ಮಧ್ಯಾಹ್ನ

ಪಾಸು ಬಂತು.
ವರ್ಕ್‌ಶಾಪಿನ ಭೋಂಗಾ ಕೂಗಿ ಅರ್ಧ ತಾಸಿಗೆ
ಇವರು ಕಿಸೇದಾಗಿಂದ ತಗದು, ಗ್ರೀಸ್ ಹತ್ತಧಾಂಗ ತುದಿ ಹಿಡದು,
ರೊಟ್ಟಿ ಬುಟ್ಟಿ ಮ್ಯಾಲಿಟ್ರು.
ಐದು ಹೆಸರು. ತಾವು, ನಾನು, ಪುಂಡಲೀಕ, ಭುವನಾ,
ಕಡೀಕ: ಫಕ್ಕೀರವ್ವ, ವಿಧವೆ ತಾಯಿ, ಅರವತ್ತೇಳು.
"ವಿಧವಿ ಅಂತ ಯಾಕ ಬರದಾರಲೇ ಯಮನೂರ?
ಗುಡ್ಡ ಹತ್ತಾಕ ಅದನ್ನೂ ಕೇಳ್ತಾರೇನು?"
"ಗುಡ್ಡ ಕೇಳೂದಿಲ್ಲವ್ವ. ಟೀಸಿ ಕೇಳ್ತಾನ."

ಇಪ್ಪತ್ತೊಂದು ವರ್ಷದಿಂದ ರೈಲು ಡಬ್ಬಿಯ ಬುಡಕ ಅಂಗಾತ ಮಲಗಿ
ಬೋಲ್ಟು ಬಿಗದವರು ಇವರು.
ಡಬ್ಬಿ ಎಲ್ಲೆಲ್ಲೋ ಹೋಗಿ ಬಂದಾವ, ಇವರು ಮಿರಜ್ ದಾಟಿಲ್ಲ.
ಹ್ವಾದ ವರ್ಷ ಒಂದು ಸೀಟಿನ ಕೆಳಗ
ಕೂಸಿನ ಒಂಟಿ ಕಾಲುಚೀಲ ಸಿಕ್ತು, ಕೆಂಪು ಉಣ್ಣೀದು,
ಒಳಗೊಂದು ಒಡೀದ ಅಕ್ರೋಟು.
ತೊಳದು ಹಗ್ಗಕ್ಕ ಹಾಕಿದ್ವಿ.
ಹಳೇ ಹುಬ್ಬಳ್ಳಿ ಬಿಸಿಲಾಗ ಹತ್ತ ಮಿನಿಟಿಗೆ ಒಣಗಿತು.
ಆವತ್ತಿಂದ ನಮ್ಮನ್ಯಾಗ ಸಿಮ್ಲಾದ ಮಾತು.

ಮಾತು ಅಂದ್ರ ಲೆಕ್ಕ.
ಚೀಟಿ ಎತ್ತಿದ್ದು ನಲವತ್ತು ಸಾವಿರ, ಭುವನಾನ ಫೀ ಕಳದು
ಉಳದದ್ದಕ್ಕ ಎಷ್ಟು ದಿನದ ಥಂಡಿ ಬರ್ತೈತಿ?
ದಿಲ್ಲಿತನಕ ಎರಡು ರಾತ್ರಿ, ಅಲ್ಲಿಂದ ಕಾಲ್ಕಾ,
ಆಮ್ಯಾಲೆ ಸಣ್ಣ ರೈಲು. ಸುರಂಗ ನೂರರ ಮ್ಯಾಲೆ ಅದಾವಂತ,
ಒಂದೊಂದ್ರಾಗೂ ಒದರಾಂವ ಅಂತ ಪುಂಡಲೀಕ ಈಗ ಹೇಳಿಟ್ಟಾನ.
ಖಡಕ್ ರೊಟ್ಟಿ ಅರವತ್ತು, ಗುರೆಳ್ಳು ಚಟ್ನಿ, ಶೇಂಗಾ ಉಂಡಿ.
ಎಲ್ಲಾ ಕೂಡಿತು. ಕೂಡಲಾರದ್ದು ಒಂದ:
ನಳ.
ಎಂಟು ದಿನಕ್ಕೊಮ್ಮೆ ಬರೂ ನೀರು, ಅದೂ ರಾತ್ರಿ ಎರಡಕ್ಕ.
ನಾವು ಅಲ್ಲಿ ಝರಿ ನೋಡಕೋತ ನಿಂತಾಗ
ಇಲ್ಲಿ ನಮ್ಮ ಪಾಳಿ ಬಂದು ಹೋಗಿಬಿಡ್ತೈತಿ.
ಬಾಜೂ ಮನಿ ಮಮ್ತಾಜಗ ಕೀಲಿ ಕೊಡೂದಂತ ನಿಕ್ಕಿ ಆತು.
ಅಕಿ ಕೂಲಿ: ಎರಡು ಕೊಡ ನೀರು, ಒಂದು ಸಿಮ್ಲಾ ಸೇಬು.
(ಮೇದಾಗ ಸೇಬು ಹಣ್ಣಾಗಿರೂದಿಲ್ಲ ಅಂತ ಭುವನಾ ನನ್ನ ಕಿವ್ಯಾಗ.)

ಸ್ವೆಟರ್ ತಂದದ್ದು ಡಿಸೆಂಬರ್‌ದಾಗ,
ಮುಂಡಗೋಡ ಕ್ಯಾಂಪಿನ ಹೆಣ್ಮಕ್ಕಳು ರಸ್ತೆ ಬದಿ
ತಾಡಪತ್ರಿ ಕಟ್ಟಿ ಕುಂದ್ರೂ ಕಾಲಕ್ಕ.
ಅಕಿ ಹೆಸರು ಪಾಸಾಂಗ್. ಅತ್ತಿ ಬಾಯಾಗ ಪಾಸವ್ವ.
ಇನ್ನೂರು ಇಳಸಾಕ ಅತ್ತಿ ಮಾತು ತಗದ್ಲು:
"ನಿಮ್ಮ ಕಡೆ ಗುಡ್ಡ ಭಾಳ ಎತ್ತರ ಹೌದಿಲ್ಲವ್ವ?
ಬರ್ಫ ಮೊಣಕಾಲಮಟ ಬೀಳ್ತೈತಂತಲ್ಲ?"
ಪಾಸವ್ವ ನಕ್ಕು, ಸ್ವೆಟರಿನ ತೋಳು ಮಡಚಿದ್ಲು.
"ನಾ ಹುಟ್ಟಿದ್ದು ಮುಂಡಗೋಡದಾಗ, ಅಜ್ಜಿ.
ಗೊಂಜಾಳದ ಹೊಲ ನೋಡೀನಿ. ಬರ್ಫ ಫ್ರಿಜ್‌ನ್ಯಾಗ ನೋಡೀನಿ.
ನೀ ಹೋಗಿ ಬಂದು ನನಗ ಹೇಳು."
ಅತ್ತಿ ಆಮ್ಯಾಲೆ ಚೌಕಾಶಿ ಮಾಡಲಿಲ್ಲ.

ಮೊನ್ನೆ ನಸುಕಿನ್ಯಾಗ ನೃಪತುಂಗ ಬೆಟ್ಟಕ್ಕ ಹೋಗಿದ್ವಿ, ತಾಲೀಮಿಗೆ.
ಅದನ್ನ ಬೆಟ್ಟ ಅನ್ನೂದು ಹುಬ್ಬಳ್ಳಿಯವರ ಧೈರ್ಯ.
ಆದ್ರೂ ಅತ್ತಿ ಮೂರು ಕಡೆ ಕುಂತು ಏರಿದ್ಲು,
ಮ್ಯಾಲೆ ನಿಂತು ಉಣಕಲ್ ಕೆರಿ, ನೀರಿನ ಟಾಕಿ,
ಬೈಲಿನಂಥಾ ಊರು ನೋಡಿದ್ಲು.
"ಇಷ್ಟು ಏರಿದ್ದಕ್ಕ ಇಷ್ಟು ಕಾಣಸ್ತೈತಿ ಅಂದ್ರ..."
ಮುಂದ ಅಕಿಗೆ ಮಾತು ಸಿಗಲಿಲ್ಲ. ಇಳಿಯೂವಾಗ ಮೊಣಕಾಲು ಹಿಡಿತು.

ಇವತ್ತು ಊಟ ಆದಮ್ಯಾಲೆ, ಅಳತಿ ನೋಡೂಣು ಅಂತ
ಟ್ರಂಕಿನಿಂದ ತಗದು ಐದೂ ಮಂದಿ ಹಾಕ್ಕೊಂಡ್ವಿ.
ಡಾಂಬರ್ ಗುಳಿಗಿ ವಾಸನಿ. ಇವರ ತೋಳು ಗಿಡ್ಡ,
ಪುಂಡಲೀಕ ನಾಕ ತಿಂಗಳದಾಗ ಸ್ವೆಟರಿಗಿಂತ ಉದ್ದಾಗ್ಯಾನ.
ಕರೆಂಟ್ ಹೋತು.
ತಿರಗೂ ಫ್ಯಾನು ನಿಧಾನಕ್ಕ ಎಣಿಸಬರೂ ಹಾಂಗ ಆಗಿ
ನಿಂತಿತು.
ನಾವೆಲ್ಲಾ ಕಿತ್ತು ಒಗದ್ವಿ, ನಕ್ಕೋತ, ಬೈಕೋತ.

ಅತ್ತಿ ತಗೀಲಿಲ್ಲ.
ಕೊಳ್ಳಿನ ಗುಂಡಿತನಕ ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತಾಳ,
ಹಣೀಮ್ಯಾಲಿನ ಬೆವರು ಒರಸವಲ್ಲಳು.
"ತಗೀರಿ ಅತ್ತಿ, ಜೀವ ಕುದೀತೈತಿ."
"ಇರ ನೀ," ಅಂದ್ಲು. "ಪಾಸವ್ವಗ ಹೇಳೂದೈತಿ.
ಎಲ್ಲಿಂದ ಸುರು ಮಾಡ್ಲಿ ಅಂತ ನೋಡಾಕ್ಹತ್ತೀನಿ."