ಒಂದಾಣೆ ನೀರು

ಹೈಡ್ರಾಲಿಕ್ಸ್ ಲ್ಯಾಬಿನ ಕೀಲಿ
ಇಪ್ಪತ್ತಾರು ವರ್ಷದಿಂದ ನನ್ನ ಕಿಸೆದಾಗ.
ತೊನಶ್ಯಾಳ ಮೇಡಂ ಬರೂಕಿಂತ ಮೊದಲ
ಇಲ್ಲಿ ಬರೇ ನೀರು ಹರೀತಿತ್ತು.

ಈಗ ಮುಂಜಾನೆ ಬಂದು ನಾನು ರಕ್ತಾ ಕಲಸತೀನಿ:
ನಾಲ್ವತ್ತು ಪಾಲು ಗ್ಲಿಸರಿನ್, ಅರವತ್ತು ಪಾಲು ನೀರು.
ಗಾಂಧಿ ಚೌಕಿನ ಅಂಗಡಿಯವ ಕೇಳತಾನ,
ಇಷ್ಟ ಯಾತಕ್ಕೋ ಮಾರಾಯಾ, ನಾಟಕ ಕಂಪನಿ ಇಟ್ಟೀಯೇನು?
ಬಣ್ಣ ನೀಲಿ. ಕೆಂಪ ಹಾಕೂನೇನ್ರಿ ಅಂದಿದ್ದೆ ಒಮ್ಮೆ.
"ಬ್ಯಾಡ ದಸ್ತಗೀರ. ಕೆಂಪ ಕಂಡ್ರ
ಹುಡುಗ್ರು ಹರಿವು ನೋಡೂದಿಲ್ಲ, ಗಾಯಾ ನೋಡತಾರ."

ಪಂಪು ನಿಮಿಷಕ್ಕ ಎಪ್ಪತ್ತೆರಡು ಸಲ ಒದಿತೈತಿ.
ಕರೆಂಟ್ ಹೋತಂದ್ರ ಇಡೀ ಲ್ಯಾಬು ಸತ್ತಂಗಾಗಿ
ಜನರೇಟರ್ ಕೆಮ್ಮಿದ ಮ್ಯಾಲೆ ತಿರುಗಿ ಹುಟ್ಟತೈತಿ.

ನಮ್ಮಪ್ಪ ಭೂತನಾಳ ಕೆರಿಯ ನಳದ ಮಿಸ್ತ್ರಿ.
ಸವಳ ನೀರು ಹರದು ಹರದು
ಪೈಪಿನ ಒಳಗ ಸುಣ್ಣಾ ಕಟ್ಟತಿತ್ತು.
ತುಂಡು ಕೊಯ್ದು ತಂದು ಕಟ್ಟಿಮ್ಯಾಲೆ ಇಡತಿದ್ದ:
"ನೋಡು, ಹೊರಗ ಪೈಲವಾನ,
ಒಳಗ ಕಿರುಬೆರಳೂ ಹೋಗೂದಿಲ್ಲ."
ಮೇಡಂ ಬೋರ್ಡಿನ ಮ್ಯಾಲೆ ಸೂತ್ರ ಬರದು
ತ್ರಿಜ್ಯದ ತಲಿಮ್ಯಾಲೆ ಸಣ್ಣದೊಂದು ನಾಕು ಕೂಡಸಿದ ದಿನಾ
ಅಪ್ಪ ಏನ ಹೇಳತಿದ್ದ ಅಂತ ತಿಳೀತು.
ದಾರಿ ಅರ್ಧಾ ಆದ್ರ ನೀರು ಅರ್ಧಾ ಆಗೂದಿಲ್ಲ,
ರೂಪಾಯಿ ನೀರು ಒಂದಾಣೆಗೆ ಬರತೈತಿ.
ಬಾಯಿ ತಪ್ಪಿ ಅಂದಬಿಟ್ಟೆ.
ಮೇಡಂ ಖಡು ಕೆಳಗಿಟ್ರು.
ಆಣೆ ಅಂದ್ರೇನಂತ ಮೊದಲ ಹುಡುಗ್ರಿಗೆ ತಿಳಿಸಿ
ಆಮ್ಯಾಲೆ ಪಾಠಾ ಮುಂದುವರಿಸಿದ್ರು.

ಒಂದು ಐತವಾರ ತೊರವಿ ಹಾದ್ಯಾಗ
ಗಂಜಿನ ಮುಂದ ಸ್ಕೂಟಿ ನಿಲ್ಲಸಿದ್ರು.
ಬಾದಶಾಹಿ ಕಾಲದ ಕಲ್ಲಿನ ಗೋಪುರ, ತುದಿಗೆ ಪಾರಿವಾಳ.
"ಮ್ಯಾಲಿಂದ ಬರೂ ನೀರಿಗೆ ಸೊಕ್ಕು.
ಮಣ್ಣಿನ ಕೊಳವಿ ಒಡೀಬಾರದಂತ
ಇದರಾಗ ಏರಸಿ, ಉಸಿರು ಬಿಡಸಿ, ಮುಂದ ಕಳಸತಿದ್ರು.
ಎದಿಂದ ಹೊಂಟ ದೊಡ್ಡ ನಾಳಾನೂ ಹಂಗ:
ಬಡಿತಾ ಬಂದಾಗ ಉಬ್ಬಿ ಇಟಗೊಂಡು
ಎದಿ ಸುಮ್ನಾದಾಗ ಮೆಲ್ಲಕ ಕೊಡತೈತಿ.
ವಯಸ್ಸಾದ್ರ ಉಬ್ಬೂದು ಮರೀತೈತಿ."
ಕಲ್ಲಿಗೆ ಅಂಗೈ ಹಚ್ಚಿ ನಿಂತ್ರು, ಜ್ವರಾ ನೋಡಿದಂಗ.
ಅವರ ತಾಯಿ ಹಾಸಿಗಿ ಹಿಡದು ಆಗ ಎರಡು ತಿಂಗಳು.
ನಾನು ಕೇಳಲಿಲ್ಲ.

ಶ್ರಾವಣದಾಗ ಹೊಸಾ ನಳಿಗಿ ಬಂತು,
ಕುತ್ತಿಗಿ ನಾಳದ ಪಡಿಯಚ್ಚು, ಗಾಜಿನಂಥಾ ರಬ್ಬರು.
ಚೀಟಿಮ್ಯಾಲೆ: ಪಿ ಹದಿನೇಳು.
ಹೆಸರು ಬರೀಬಾರದು, ಅದು ನಿಯಮಾ.
ಸ್ಕ್ಯಾನಿಗೆ ಮಲಗಿದ ದಿನಾ
ನನ್ನ ಮುಂಗೈಗೆ ಕಟ್ಟಿದ್ದೂ ಹದಿನೇಳ.
ಮೇಡಂಗ ಗೊತ್ತಿತ್ತೋ ಇಲ್ಲೋ;
ಅವತ್ತು ವಾಲ್ವ್ ಮಾತ್ರ ತಾವ ತಿರುವಿದ್ರು.

ನೀಲಿ ಎಳಿ ನೆಟ್ಟಗ ಬಂತು.
ಕವಲಿನ ಹತ್ತರ ಯಾರೋ ಸೊಂಟಾ ಹಿಡದಂಗ ಸಣ್ಣಾಗಿ
ಒಮ್ಮೆಲೆ ಓಡಿ
ಆಚೀಕಡೆ ಮುಗ್ಗರಿಸಿ, ಹಿಂದಕ್ಕ ಹೊಳ್ಳಿ
ಸುಳಿ ಸುತ್ತಾಕ ಹತ್ತಿತು.
ಹುಡುಗ್ರು ಮೊಬೈಲ್ ಎತ್ತಿ "ಸೂಪರ್ ಮೇಡಂ" ಅಂದ್ರು.
ಚಂದನೂ ಇತ್ತು, ಸುಳ್ಳ್ಯಾಕ ಹೇಳಲಿ.
ಸೋರೂ ಜಾಗಾ ಹುಡುಕವನಂಗ ಬೆರಳಿಟ್ಟು ನೋಡಿದೆ,
ಮೊದಲ ರಬ್ಬರಿನ ಮ್ಯಾಲೆ,
ಆಮ್ಯಾಲೆ ಕಾಲರಿನ ಒಳಗ.

"ಎಷ್ಟಾಣೆ ಉಳದೈತ್ರಿ ಮೇಡಂ?"

ಮೀಟರ್ ನೋಡಿದ್ರು. ಕನ್ನಡಕ ತಗದು
ಸೆರಗಿನಿಂದ ಒರಸಿದ್ರು, ಮತ್ತ ನೋಡಿದ್ರು.
"ಪಂಪು ಬಂದ್ ಮಾಡಬ್ಯಾಡ," ಅಂದ್ರು,
"ಇನ್ನೊಮ್ಮೆ ಅಳೀತೀನಿ."